ಅತ್ತೆ ಕೂತ ಯುಗಾದಿ

ಹೊಸ ವರ್ಷ ಬಂತೆಂದರೆ ಒಳ್ಳೆಯವರಾಗಿಬಿಡಬೇಕೆಂಬ ಹುಚ್ಚು ಎಲ್ಲರಿಗೂ ಹಿಡಿಯುತ್ತದೆ. ಬೇರೆ ಕಡೆಯವರಿಗೆ ಅದು ವರ್ಷಕ್ಕೊಂದು ಸಲ ಬಂದು, ನಾಲ್ಕು ದಿನ ಇದ್ದು, ಹೇಳದೆ ಕೇಳದೆ ಹೋಗಿಬಿಡುತ್ತದೆ. ಧರ್ಮಪುರಿ ಸೀಮೆಯಲ್ಲಿ ತಮಿಳರ ನಡುವೆ ಕನ್ನಡ ಮಾತಾಡಿಕೊಂಡು ಬದುಕುವ ನಮ್ಮಂಥವರಿಗೆ ಆ ಪುಣ್ಯವಿಲ್ಲ, ನಮಗೆ ಮೂರು ಸಲ. ಜನವರಿ ಒಂದು ನಮ್ಮ ಮನೆಯವರ ಆಫೀಸಿನ ಹೊಸ ವರ್ಷ. ಅವತ್ತು ಅವರು ಒಂದು ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡು ಮನೆಗೆ ಬರುತ್ತಾರೆ. ಯುಗಾದಿ ನಮ್ಮ ಹೊಸ ವರ್ಷ. ಬೇವಿನ ಕಹಿ ಮರೆಯುವ ಹೊತ್ತಿಗೆ ಪಕ್ಕದ ಮನೆಯವರಿಗೆ ಚಿತ್ತಿರೈ ಮಾಸದ ಹೊಸ ವರ್ಷ. ನನ್ನದೋ ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದ್ದರಿಂದ ಇನ್ನು ಮೇಲೆ ಕೂಗಾಡುವುದಿಲ್ಲ ಎಂದು ಮೂರು ಸಲವೂ ನಿಶ್ಚಯ ಮಾಡುತ್ತಿದ್ದೆ. ಜನವರಿಯ ನಿಶ್ಚಯ ಹಾಲು ಉಕ್ಕುವವರೆಗೆ ಇರುತ್ತಿತ್ತು. ಯುಗಾದಿಯದು ಮಕ್ಕಳು ಹೊಸ ಬಟ್ಟೆಗೆ ಮಣ್ಣು ಮಾಡಿಕೊಂಡು ಬರುವವರೆಗೆ. ಚಿತ್ತಿರೈ ನಮ್ಮದಲ್ಲವಲ್ಲ, ಬೇರೆಯವರ ಹಬ್ಬದಲ್ಲಿ ನಾನೇಕೆ ಒಳ್ಳೆಯವಳಾಗಬೇಕು ಎಂದು ಬೆಳಿಗ್ಗೆಯೇ ಬಿಟ್ಟುಬಿಡುತ್ತಿದ್ದೆ.

ನಾನೀಗ ಹೇಳಹೊರಟಿರುವ ಯುಗಾದಿ ಎಪ್ಪತ್ತರ ದಶಕದ್ದು. ಆಗ ನಾವು ಪಾಲಕೋಡಿನಲ್ಲಿದ್ದೆವು. ನಮ್ಮ ಮನೆಯವರಿಗೆ ಸಕ್ಕರೆ ಮಿಲ್ಲಿನ ಕಬ್ಬು ತೂಗುವ ಕಡೆ ಗುಮಾಸ್ತೆ ಕೆಲಸ. ಪೆನ್ನಾಗರಂ ಕಡೆಯ ಹಳ್ಳಿಯಲ್ಲಿ ಕುರಿ ಮೇಯಿಸಿಕೊಂಡಿದ್ದ ಅವರ ತಾಯಿ, ಎರಡು ಹೆಜ್ಜೆ ನಡೆದರೆ ಏದುಸಿರು ಬರುತ್ತಿದೆಯೆಂದು ಕುರಿಗಳನ್ನು ದೊಡ್ಡ ಮಗನಿಗೆ ಒಪ್ಪಿಸಿ, ಒಂದು ಕಂಬಳಿಯನ್ನೂ ಒಂದು ಬೀಸುವ ಕಲ್ಲನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ಅತ್ತೆಯನ್ನು ಏಕವಚನದಲ್ಲಿ ಬರೆಯುತ್ತಿದ್ದಾಳಲ್ಲ ಎಂದು ಯಾರೂ ಹುಬ್ಬು ಗಂಟಿಕ್ಕಬೇಡಿ. ಅವಳು ನನ್ನ ಅಪ್ಪನ ಅಕ್ಕ. ನಾನು ಹಾಲುಹಲ್ಲಿನ ಹುಡುಗಿಯಾಗಿದ್ದಾಗಲೇ ನನ್ನ ಅವ್ವ ತೀರಿಹೋದಳು. ಅವತ್ತು ನನ್ನನ್ನು ತನ್ನ ಕಂಬಳಿಯೊಳಗೆ ಎಳೆದುಕೊಂಡವಳು ಸಾಕಿ, ಬೈದು, ಬಡಿದು, ದೊಡ್ಡವಳನ್ನು ಮಾಡಿ, ಕೊನೆಗೆ ಬೇರೆಯವರ ಮನೆಗೆ ಕಳಿಸಲು ಮನಸ್ಸಾಗದೆ ಕಿರಿಯ ಮಗನಿಗೆ ತಂದುಕೊಂಡಳು. ಅವ್ವನನ್ನು ಯಾರಾದರೂ ಬಹುವಚನದಲ್ಲಿ ಕರೆಯುತ್ತಾರೆಯೇ?

ಈ ಅತ್ತೆಗೆ ಒಂದು ವಿದ್ಯೆ ಮಾತ್ರ ಬರುತ್ತಿರಲಿಲ್ಲ. ಕೂರುವುದು. ಊಟಕ್ಕೂ ಕುಕ್ಕರುಗಾಲಿನಲ್ಲಿ ಕೂತು, ಮುದ್ದೆ ನುಂಗಿ, ಕೈ ಒಣಗುವ ಮೊದಲೇ ಎದ್ದುಬಿಡುತ್ತಿದ್ದಳು. ಹಗಲು ಹೊತ್ತು ಗೋಡೆಗೆ ಒರಗಿದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ಕುರಿಯವ್ಳು ಕುಂತ್ರೆ ತೋಳ ನಿಂತ್ಕತ್ತೈತೆ ಕಣಮ್ಮಿ" ಅನ್ನುವಳು. ಪಾಲಕೋಡಿನಲ್ಲಿ ತೋಳವೆಲ್ಲಿ ಬಂತು? ಇರುವುದು ಟೊಮೇಟೊ ಮಂಡಿ. ಆದರೂ ಬೆಳಗಾಗುವ ಮೊದಲೇ ಎದ್ದು ಅಂಗಳ ಗುಡಿಸಿ, ನೀರು ಸೇದಿ, ಪಕ್ಕದ ಬೀದಿಯಲ್ಲೇ ಹಿಟ್ಟಿನ ಮಿಷಿನ್ ಇದ್ದರೂ ಅದರ ಹಿಟ್ಟು ಕಾವು ಹೊಡೆದಿರುತ್ತದೆಂದು ರಾಗಿಯನ್ನು ತಾನೇ ಬೀಸುವಳು. ಬೀಸುತ್ತ ಬೀಸುತ್ತ ಉಸಿರು ಸಿಕ್ಕಿಕೊಳ್ಳುವುದು, ತುಟಿ ನೀಲಿಯಾಗುವುದು. ನಾನು ಓಡಿ ಬಂದರೆ, "ಏನೂ ಇಲ್ಲ, ಸುಮ್ಮಾ ಹಿಂಗೆ ನಿಂತಿದ್ದೆ" ಎಂದು ಅರ್ಧ ತಮಿಳಿನಲ್ಲಿ ಸುಳ್ಳು ಹೇಳುವಳು. ನಾನು ಕೂಗಾಡುತ್ತಿದ್ದೆ, ಅವಳು ಬೀಸುತ್ತಿದ್ದಳು. ನಮ್ಮ ಮನೆಯವರಿಗೆ ದೂರು ಕೊಟ್ಟರೆ, "ಜಯಾ, ನಾನು ಹುಟ್ಟಿದ ಮೇಲೆ ಅವ್ವ ಕುಂತಿದ್ದು ನೋಡಿಲ್ಲ. ಹುಟ್ಟೋವಾಗ ಏನ್ ಮಾಡ್ತಿದ್ಲೋ, ನಾನಾಗ ಕಣ್ಣು ಬಿಟ್ಟಿರ್ಲಿಲ್ಲ" ಎಂದು ಸೈಕಲ್ ಹತ್ತಿ ಹೋಗುತ್ತಿದ್ದರು.

ಒಂದು ದಿನ ಬಲವಂತವಾಗಿ ಧರ್ಮಪುರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಇಟ್ಟು, ಮತ್ತೆ ಎದೆಗೆ ಇಟ್ಟು, "ಪಾಟಿಯಮ್ಮಾ, ರೆಸ್ಟ್ ಎಡುಕ್ಕಣುಂ" ಎಂದರು. ವಿಶ್ರಾಂತಿ ತಗೋಬೇಕಂತೆ. ಅತ್ತೆ ಬಹಳ ವಿನಯದಿಂದ ತಲೆಯಾಡಿಸಿದಳು. ಆಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಎದೆ ತುಂಬ ಸೋತಿದೆ, ಹೀಗೇ ದುಡಿಯುತ್ತಿದ್ದರೆ ಹೆಚ್ಚು ಕಾಲ ಇರುವುದಿಲ್ಲ, ಮಾತ್ರೆಗಿಂತ ಕೂರಿಸುವುದು ಮುಖ್ಯ ಎಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕಣ್ಣೀರು ಹಾಕಿದೆ. ಕಣ್ಣಿಗೆ ಏನಾಯಿತೆಂದು ಅತ್ತೆ ಕೇಳಿದಾಗ ಧೂಳು ಎಂದೆ. ಮನೆಗೆ ಬಂದು ನಾನಿನ್ನೂ ಚಪ್ಪಲಿ ಬಿಡುತ್ತಿದ್ದೆ. ಅವಳಾಗಲೇ ಬೆಳಗಿನ ಪಾತ್ರೆಗಳ ಮುಂದೆ ಬೂದಿ ಹಿಡಿದುಕೊಂಡು ಕುಕ್ಕರಿಸಿದ್ದಳು.

ನಾನೇನು ಕಡಿಮೆ ಪ್ರಯತ್ನ ಮಾಡಲಿಲ್ಲ. ಪೊರಕೆ ಬಚ್ಚಿಟ್ಟೆ. ತೆಂಗಿನ ಗರಿ ಸೀಳಿ ಹೊಸದು ಕಟ್ಟಿಕೊಂಡಳು. ಬೀಸುವ ಕಲ್ಲಿನ ಗೂಟ ಕಿತ್ತು ಅಟ್ಟಕ್ಕೆ ಎಸೆದೆ. ಅದನ್ನು ಹುಡುಕಲು ಅಟ್ಟ ಹತ್ತಿದಳು, ನಾನೇ ಕೈ ಹಿಡಿದು ಇಳಿಸಬೇಕಾಯಿತು. ಬೈದರೆ ಕಿವಿ ಕೇಳದವಳ ಹಾಗೆ ಇರುತ್ತಿದ್ದಳು. ಪಿಸುಮಾತಿನಲ್ಲಿ ನಮ್ಮ ಮನೆಯವರಿಗೆ ಏನಾದರೂ ಹೇಳಿದರೆ ಮಾತ್ರ ಅಂಗಳದಿಂದಲೇ ಉತ್ತರ ಬರುತ್ತಿತ್ತು.

ಯುಗಾದಿ ಹತ್ತಿರ ಬಂದಾಗ ನನಗೆ ದಾರಿ ಹೊಳೆಯಿತು. ಯುಗಾದಿಯ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬುದು ನಮ್ಮ ಕಡೆಯ ನಂಬಿಕೆ. ಅವತ್ತು ಅತ್ತರೆ ವರ್ಷವೆಲ್ಲ ಅಳು, ಏಟು ತಿಂದರೆ ವರ್ಷವೆಲ್ಲ ಏಟು. ಅತ್ತೆಗಂತೂ ಇದು ದೇವರ ಮಾತಿದ್ದ ಹಾಗೆ. ಚಿಕ್ಕಂದಿನಲ್ಲಿ ನಾವು ಮಕ್ಕಳೆಲ್ಲ ಯುಗಾದಿಗೇ ಕಾದಿದ್ದು ಮನೆಯ ಮಡಕೆ ಒಡೆಯುತ್ತಿದ್ದೆವು, ಅವತ್ತು ಹೊಡೆಯುವುದಿಲ್ಲವೆಂಬ ಧೈರ್ಯದಿಂದ. ಅವಳು ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಮಾರನೆಯ ದಿನ ಬೆಳಿಗ್ಗೆ ಹಿಂಬಾಕಿ ಸೇರಿಸಿ ಕೊಡುತ್ತಿದ್ದಳು.

"ಅತ್ತೆ, ಯುಗಾದೀಲಿ ಮಾಡಿದ್ದೇ ವರ್ಷೆಲ್ಲ ಅಲ್ವಾ?" ಎಂದು ಏನೂ ತಿಳಿಯದವಳ ಹಾಗೆ ಕೇಳಿದೆ.

"ಊಂ ಮತ್ತೆ. ಇಷ್ಟ್ ವರ್ಸ ಆದ್ಮ್ಯಾಲೆ ಕೇಳ್ತೀಯಲ್ಲ."

"ಹಂಗಾದ್ರೆ ಹೋದ ಯುಗಾದೀಲಿ ನೀನು ರಾಗಿ ಬೀಸ್ದೆ. ಅದಕ್ಕೇ ವರ್ಷೆಲ್ಲ ಬೀಸ್ತಾ ಇದೀಯ. ಈ ಸಲ ಒಂದಿನ ಕುಂತ್ಕಂಡ್ಬಿಡು. ಆಮೇಲೆ ನಾನು ನಿನ್ನ ತಂಟೆಗೇ ಬರಲ್ಲ."

ಅತ್ತೆಗೆ ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲವೆಂದು ತೋರುತ್ತದೆ. "ಕುಂತ್ಕಂಡು ಏನ್ ಮಾಡ್ಲಿ?" ಎಂದಳು.

"ಏನೂ ಮಾಡ್ಬೇಡ."

"ಏನೂ ಮಾಡ್ದೆ ಎಂಗೆ ಮಾಡೋದಮ್ಮಿ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದಳು. ನನಗೂ ಗೊತ್ತಿರಲಿಲ್ಲ. ಬೀದಿ ಬಾಗಿಲ ಪಕ್ಕದ ತಿಣ್ಣೆಯ ಮೇಲೆ ಕೂತರೆ ತಾನಾಗಿ ಆಗುತ್ತದೆ ಎಂದುಬಿಟ್ಟೆ.

ಯುಗಾದಿ ಬಂತು. ಕಬ್ಬು ಅರೆಯುವ ಕಾಲವಾದ್ದರಿಂದ ನಮ್ಮ ಮನೆಯವರಿಗೆ ರಜೆ ಇಲ್ಲ. ಎಣ್ಣೆನೀರು ಹಾಕಿಕೊಂಡು, ಬೇವುಬೆಲ್ಲ ಬಾಯಿಗೆ ಹಾಕಿ, ಕಹಿ ಮುಖದಲ್ಲೇ ಮಿಲ್ಲಿಗೆ ಹೋದರು. ಮಕ್ಕಳು ಹೊಸ ಬಟ್ಟೆ ತೊಟ್ಟು ಬೀದಿಗೆ ಓಡಿದವು. ಅತ್ತೆಗೆ ಹೊಸ ಸೀರೆ ಉಡಿಸಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತಿಣ್ಣೆಯ ಮೇಲೆ ಹಾಸಿ ಕೂರಿಸಿದೆ. ಕೈಗಳೆರಡನ್ನೂ ಮೊಣಕಾಲ ಮೇಲಿಟ್ಟು, ಕತ್ತು ಸೆಟೆದು, ಫೋಟೋ ಸ್ಟುಡಿಯೋದಲ್ಲಿ ಕೂತವಳ ಹಾಗೆ ಕೂತಳು. ನಾನು ಗೆದ್ದೆನೆಂದು ಒಳಗೆ ಹೋಗಿ ಬೇಳೆಗೆ ನೀರಿಟ್ಟೆ.

ಬೇಳೆ ಕುದಿಯುವ ಮೊದಲೇ ಪಕ್ಕದ ಮನೆಯ ಕಮಲಕ್ಕ ಎದೆ ಬಡಿದುಕೊಂಡು ಬಂದಳು. "ಅಯ್ಯೋ, ಪಾಟಿಕ್ಕು ಎನ್ನ ಆಚ್ಚು?" ಅಜ್ಜಿಗೆ ಏನಾಯಿತು ಎಂದು. ಕೂತಿದ್ದಾಳೆ ಅಷ್ಟೇ ಎಂದೆ. ಅದೇ, ಯಾಕೆ ಕೂತಿದ್ದಾಳೆ ಎಂದಳು. ಅವಳು ಹೋದಳೆನ್ನುವಷ್ಟರಲ್ಲಿ ಹಾಲಿನವನು ವಿಚಾರಿಸಿದ. ಆಮೇಲೆ ಎದುರು ಮನೆಯವರು. ಅತ್ತೆ ಓಡಾಡುತ್ತ ಏದುಸಿರು ಬಿಡುವಾಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಸುಮ್ಮನೆ ಕೂತಿದ್ದು ನೋಡಿ ಇಡೀ ಬೀದಿಗೆ ಗಾಬರಿಯಾಗಿತ್ತು. ಬಂದವರಿಗೆಲ್ಲ ಅತ್ತೆ ಒಂದೇ ಮಾತು ಹೇಳುತ್ತಿದ್ದಳು: "ನಂಗೇನಿಲ್ಲ. ಸೊಸೆ ಕುಂತ್ಕ ಅಂದವ್ಳೆ."

ಕೂತಲ್ಲಿಂದಲೇ ಅಡುಗೆಮನೆಯನ್ನು ಆಳಲು ಶುರುಮಾಡಿದ್ದು ಇನ್ನೊಂದು ಕಾಟ. ಅವಳ ಕೈ ಕಟ್ಟಿದ್ದೆ, ಮೂಗು ಕಿವಿ ಕಟ್ಟಿರಲಿಲ್ಲ. "ಒರಳಿನ ಸದ್ದೇ ಬತ್ತಿಲ್ವಲ್ಲ, ಊರಣ ತಾನಾಗೇ ನುಣ್ಗಾಯ್ತೈತಾ?" ಎಂದೊಂದು ಸಲ. "ಬೆಲ್ಲ ತಳ ಇಡೀತಾ ಐತೆ, ವಾಸ್ನೆ ಬತ್ತು" ಎಂದೊಂದು ಸಲ. ಹೋಗಿ ನೋಡಿದರೆ ಹಿಡಿದಿರುತ್ತಿತ್ತು. ಇಬ್ಬರು ಮಾಡುತ್ತಿದ್ದ ಕೆಲಸವನ್ನು ಒಬ್ಬಳೇ ಮಾಡಲು ಹೋಗಿ ನನ್ನ ಕೈಕಾಲು ಸೋತವು. ಈ ಮುದುಕಿ ನನ್ನ ಸಂಸಾರದ ಎಷ್ಟು ಭಾರ ಹೊತ್ತಿದ್ದಳೆಂದು ಅವತ್ತೇ ತಿಳಿದದ್ದು. ಮಕ್ಕಳಿಗೆ ಮಧ್ಯಾಹ್ನ ಬರೀ ಅನ್ನ, ಒಬ್ಬಟ್ಟಿನ ಸಾರು ಬಡಿಸಿ, ಒಬ್ಬಟ್ಟು ಸಂಜೆಗೆ ಎಂದು ಓಡಿಸಿದೆ. ಅತ್ತೆ ತಿಣ್ಣೆಯ ಮೇಲೇ ಊಟ ಮಾಡಿದಳು. ತಟ್ಟೆ ತೊಳೆಯಲು ಏಳದೆ ಕೊಟ್ಟಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸಂಜೆ ಹೆಂಚಿನ ಮೇಲೆ ಮೊದಲ ಒಬ್ಬಟ್ಟು ಹಾಕಿ, ಅವಳಿಗೊಂದು ಲೋಟ ಕಾಫಿ ಕೊಡೋಣವೆಂದು ಹೊರಗೆ ಬಂದೆ. ಅತ್ತೆ ಹಾಗೇ ಸೆಟೆದು ಕೂತಿದ್ದಳು. ಆದರೆ ಸೆರಗಿನ ಕೆಳಗೆ ಏನೋ ಅಲ್ಲಾಡುತ್ತಿತ್ತು. ಸೆರಗು ಎತ್ತಿದರೆ ಒಂದು ಮೊರ ಹುಣಿಸೇಹಣ್ಣು! ಬೀಜವೆಲ್ಲ ಒಂದು ಕಡೆ, ತೊಳೆಯೆಲ್ಲ ಒಂದು ಕಡೆ. ಬೆಳಿಗ್ಗೆಯಿಂದ ನಾನು ಒಳಗೆ ಬೇಯುತ್ತಿದ್ದರೆ ಇವಳು ಇಲ್ಲಿ ವರ್ಷಕ್ಕಾಗುವಷ್ಟು ಹುಣಿಸೇಹಣ್ಣು ಬಿಡಿಸಿ ಗುಡ್ಡೆ ಹಾಕಿದ್ದಳು.

ನನಗೆ ಎಲ್ಲಿತ್ತೋ ಕೋಪ. ಹಬ್ಬ ಮರೆತುಹೋಯಿತು, ಬೀದಿ ಮರೆತುಹೋಯಿತು. "ನಿನಗೇನು ಬುದ್ಧಿ ಇದೆಯಾ? ಒಂದಿನ ಕುಂತ್ಕ ಅಂದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಅರಚಿದೆ. ಕಮಲಕ್ಕನ ಮನೆಯ ಕಿಟಕಿ ತೆರೆಯಿತು.

ಅತ್ತೆ ನಿಧಾನವಾಗಿ ಮೊರ ಪಕ್ಕಕ್ಕಿಟ್ಟು, "ಅಯ್ಯೋ, ಯುಗಾದಿ ದಿನಾನೇ ಬಯ್ದಲ್ಲಮ್ಮಿ. ಇನ್ನು ವರ್ಸೆಲ್ಲ ಬೈತೀಯ" ಎಂದಳು. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, "ಓಗ್ಲಿ ಬುಡು. ಅದೇನ್ ನಮ್ಗೆ ಒಸ್ದಾ?" ಎಂದು ನಕ್ಕಳು.

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟೆ. ಡಾಕ್ಟರು ಒಳಗೆ ಕರೆದು ಹೇಳಿದ್ದನ್ನೆಲ್ಲ ಬಾಯಿಬಿಟ್ಟೆ. "ಒಬ್ಬ ಅವ್ವನ್ನ ಆಗಲೇ ಕಳಕೊಂಡಿದೀನಿ. ಇನ್ನೊಬ್ಬಳನ್ನೂ ಕಳಕೊಳ್ಳೋಕೆ ನನ್ ಕೈಲಾಗಲ್ಲ. ನೀನು ಹೋದ್ರೆ ನಾನು ಯಾರ ಮೇಲೆ ಕೂಗಾಡ್ಲಿ?" ಎಂದೆ.

ಬೈಗುಳಕ್ಕೆ ಜಗ್ಗದ ಅತ್ತೆ ಅಳುವಿಗೆ ಹೆದರಿಬಿಟ್ಟಳು. ಯುಗಾದಿಯ ಅಳು ವರ್ಷದ ಅಳುವಲ್ಲವೇ? "ಬಾಯ್ ಮುಚ್ಚು, ಬಾಯ್ ಮುಚ್ಚು. ಅಳ್ಬ್ಯಾಡ. ಒತ್ತು ಮುಳ್ಗೋದ್ರೊಳ್ಗೆ ನಿಲ್ಸಿದ್ರೆ ಲೆಕ್ಕಕ್ ಬರಲ್ಲ" ಎಂದು ಅಲ್ಲೇ ಒಂದು ಹೊಸ ಶಾಸ್ತ್ರ ಹುಟ್ಟಿಸಿ, ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಸೆರಗಿನಿಂದ ನನ್ನ ಮುಖ ಒರೆಸಿದಳು. ಸೆರಗಿನ ತುಂಬ ಹುಣಿಸೇಹಣ್ಣು. ಕಣ್ಣು ಇನ್ನಷ್ಟು ಉರಿದು ಇನ್ನಷ್ಟು ನೀರು ಬಂತು. ಅದನ್ನು ನೋಡಿ ಅವಳಿಗೆ ನಗು, ಅವಳನ್ನು ನೋಡಿ ನನಗೆ ನಗು.

ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ಬಂತು. ಹೆಂಚಿನ ಮೇಲಿನ ಒಬ್ಬಟ್ಟು! ನಾನು ಏಳಹೋದೆ. ಅತ್ತೆ ಕೈ ಬಿಡಲಿಲ್ಲ. "ಸೀದೋದ್ರೆ ಸೀದೋಗ್ಲಿ. ಕುಂತ್ಕ" ಎಂದಳು. ಒಂದು ಕಾಳು ರಾಗಿ ಚೆಲ್ಲಿದರೂ ಬಾಗಿ ಎತ್ತಿಕೊಳ್ಳುವವಳ ಬಾಯಲ್ಲಿ ಆ ಮಾತು ಕೇಳಿ ನಾನು ತೆಪ್ಪಗೆ ಕೂತೆ.

ಪಾಳಿ ಮುಗಿಯಿತೆಂದು ಮಿಲ್ಲಿನ ಸಂಗು ಕೂಗಿತು. ಆಳುಗಳು ಸೈಕಲ್ ತುಳಿದುಕೊಂಡು ಹೋದರು. ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಹೋದವು. ಅತ್ತೆ ಏನೂ ಮಾಡುತ್ತಿರಲಿಲ್ಲ, ನಾನೂ ಏನೂ ಮಾಡುತ್ತಿರಲಿಲ್ಲ. ಅವಳು ಗೋಡೆಗೆ ಒರಗಿದ್ದಳು. ಉಸಿರು ಸದ್ದಿಲ್ಲದೆ ಬಂದು ಹೋಗುತ್ತಿತ್ತು. ನಮ್ಮ ಮನೆಯವರು ಬಂದು, ನಾವಿಬ್ಬರೂ ಕೂತಿರುವುದನ್ನು ಕಂಡು, ಸೈಕಲ್ ಸ್ಟಾಂಡ್ ಕೂಡ ಹಾಕದೆ, "ಯಾರು ಹೋಗ್ಬಿಟ್ರು?" ಎಂದರು. ಯಾರೂ ಇಲ್ಲ, ಒಳಗೆ ಹೋಗಿ ಹೆಂಚು ಇಳಿಸಿ ಎಂದೆ. ಅವರು ಪಾಪ ಇದ್ದಿಲಾಗಿದ್ದ ಒಬ್ಬಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು, ಮೇಲಿನದು ಕೆರೆದು ತಿನ್ನುತ್ತ ನಮ್ಮ ಪಕ್ಕದಲ್ಲೇ ನಿಂತರು.

ಹೊತ್ತು ಮುಳುಗಿದ ಮೇಲೆ ಚಂದ್ರನನ್ನು ನೋಡಬೇಕು. ಯುಗಾದಿಯ ದಿನವೇ ಕಂಡರೆ ಪುಣ್ಯ, ಇಲ್ಲದಿದ್ದರೆ ಮಾರನೆಯ ದಿನ. ಮೂವರೂ ಪಡುವಣ ಕಡೆಗೆ ಕತ್ತೆತ್ತಿದೆವು. "ಅಗೋ, ಆ ತೆಂಗಿನ ಗರಿ ಪಕ್ದಾಗೆ. ಉಗುರು ಕತ್ರಿಸಿ ಬಿಸಾಕ್ದಂಗೈತೆ" ಎಂದು ಅತ್ತೆ ಬೆರಳು ತೋರಿಸಿದಳು. ನನಗೆ ತೆಂಗಿನ ಗರಿ ಕಂಡಿತು, ಚಂದ್ರ ಕಾಣಲಿಲ್ಲ. ಕಂಡಿತು ಅಂದೆ. ಅವಳ ಕಾಲಿಗೆ ಬಿದ್ದೆ. ನೂರು ವರ್ಷ ಬಾಳು ಎಂದಳು. ನನಗೆ ಬೇಡ, ನೀನು ಬಾಳು ಎಂದೆ, ಆಗಲೂ ಸ್ವಲ್ಪ ಜೋರಾಗಿಯೇ.

ಮಾರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಪರಕ್ ಪರಕ್ ಎಂದು ಪೊರಕೆಯ ಸದ್ದು! ಎದ್ದು ಓಡಿದೆ. "ಇದೇನು, ವರ್ಷೆಲ್ಲ ಕುಂತ್ಕೋಬೇಕಲ್ವಾ?" ಎಂದೆ. ಅತ್ತೆ ಸೊಂಟ ನೆಟ್ಟಗೆ ಮಾಡಿ ನ್ಯಾಯ ಹೇಳಿದಳು. ಹಗಲೆಲ್ಲ ಕೂತದ್ದು ನಾಟಕ, ಹುಣಿಸೇಹಣ್ಣು ಬಿಡಿಸಿದ್ದೇ ನಿಜ. ಆದ್ದರಿಂದ ಹಗಲು ಕೆಲಸ ಬಿಡುವ ಹಾಗಿಲ್ಲ. ಸಂಜೆ ಕೂತದ್ದು ನಿಜವಾಗಿ ಕೂತದ್ದು. ಆದ್ದರಿಂದ ಸಂಜೆ ಕೂರದಿರುವ ಹಾಗಿಲ್ಲ. ಯಾವ ವಕೀಲನೂ ಇದಕ್ಕೆ ಎದುರು ಹೇಳಲಾರ. ಆದರೂ ಜಗಳವಾಡಿ, ಬೀಸುವ ಕಲ್ಲನ್ನು ಮಾತ್ರ ಬಿಡಿಸಿದೆ. ರಾಗಿ ಬೀಸದೆ ಹುಣಿಸೇಹಣ್ಣು ಬಿಡಿಸಿದ್ದರಿಂದ ಅದಕ್ಕೆ ಅವಳ ಹತ್ತಿರ ಶಾಸ್ತ್ರದ ಆಧಾರವಿರಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಸಂಜೆ ಎಂಬುದೊಂದು ಹುಟ್ಟಿಕೊಂಡಿತು. ಅದಕ್ಕೆ ಮೊದಲು ನಮಗೆ ಹಗಲು ಮತ್ತು ರಾತ್ರಿ ಮಾತ್ರ ಇದ್ದವು. ಸಂಗು ಕೂಗಿದ ಕೂಡಲೇ ಅತ್ತೆ, "ಜಯಾ, ಬಾ, ಒತ್ತಾಯ್ತು" ಎಂದು ಕರೆಯುವಳು. ನಾನು ಒಲೆಯ ಸೌದೆ ಹಿಂದಕ್ಕೆಳೆದು ಬರುವೆ. ಕೆಲವು ದಿನ ಮಾತಾಡುತ್ತಿದ್ದೆವು. ಯಾವ ಕುರಿ ಎಂಥದ್ದಿತ್ತು, ನನ್ನ ಅವ್ವ ಹೇಗೆ ನಗುತ್ತಿದ್ದಳು, ಇಂಥವು. ಕೆಲವು ದಿನ ಸುಮ್ಮನಿರುತ್ತಿದ್ದೆವು. ಕಮಲಕ್ಕನ ಮನೆಯ ಚಿತ್ತಿರೈ ಹೊಸ ವರ್ಷ ಬಂದಾಗ, ಅವರ ಲೆಕ್ಕಕ್ಕೂ ಇರಲಿ ಎಂದು ಅತ್ತೆ ಅವತ್ತು ಇನ್ನಷ್ಟು ಹೊತ್ತು ಕೂತಳು. ಕಮಲಕ್ಕನೂ ಪಾಯಸದ ಪಾತ್ರೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಅತ್ತೆಯ ತುಟಿಯ ಬಣ್ಣ ಮೆಲ್ಲಗೆ ತಿಳಿಯಾಯಿತು. ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಯಾರ ಕೈಲೂ ಆಗದ್ದನ್ನು ನಾನು ಮಾಡಿದೆ, ಅತ್ತೆಯನ್ನು ಕೂರಿಸಿದೆ ಎಂದು.

ಮಳೆಗಾಲ ಮುಗಿದ ಮೇಲೆ ಮತ್ತೆ ಡಾಕ್ಟರಿಗೆ ತೋರಿಸಲು ಹೋದೆವು. ಕೊಳವೆ ಇಟ್ಟು ನೋಡಿ ಅವರಿಗೆ ಬಹಳ ಸಂತೋಷವಾಯಿತು. ಎದೆ ಎಷ್ಟೋ ವಾಸಿ, ಇವರನ್ನು ಹೇಗೆ ಕೂರಿಸಿದೆಯಮ್ಮಾ ಎಂದು ನನ್ನನ್ನು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಕಥೆ ಶುರುಮಾಡುವಷ್ಟರಲ್ಲಿ ಅತ್ತೆ ನಡುವೆ ಬಾಯಿ ಹಾಕಿದಳು.

"ನಂದಿರ್ಲಿ ಸಾಮಿ, ಇವ್ಳನ್ನ ಒಸಿ ನೋಡಿ. ದಿನಾ ಸಂಜೆ ಕೈ ಇಡ್ಕಂಡು ನಾನ್ ಕುಂಡ್ರಿಸ್ತಾ ಇವ್ನಿ. ಅದ್ಕೇ ಇಷ್ಟಾದ್ರೂ ಉಸಾರಾಗವ್ಳೆ. ಸಣ್ಣ ಮಗೀನಿಂದ ಇಂಗೇ, ನಿಂತ್ ಕಡೆ ನಿಲ್ಲಲ್ಲ. ತಾಯಿ ಓದ ಮಗ, ಸುಮ್ನೆ ಕುಂತ್ರೆ ಅವ್ವ ನೆಪ್ಪಿಗ್ ಬತ್ತಾಳೆ ಅಂತ ಓಡಾಡ್ಕಂಡು, ಕೂಗಾಡ್ಕಂಡು ಇರ್ತಿತ್ತು. ನಾನ್ ಕುಂತ್ರೆ ತಾನೂ ಕುಂತ್ಕತ್ತಾಳೆ. ಅದ್ಕೇ ಕುಂತ್ಕತ್ತೀನಿ, ಇಲ್ಲಾಂದ್ರೆ ನಂಗ್ಯಾಕೆ ಸಾಮಿ ಈ ಸೋಂಬೇರಿತನ?"

ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಪಾದರಸದ ಕಡೆ ನೋಡಿ ಹುಬ್ಬೇರಿಸಿದರು. ಆಮೇಲೆ, "ನೀಯುಂ ರೆಸ್ಟ್ ಎಡುಕ್ಕಣುಂ" ಎಂದರು. ನೀನೂ ವಿಶ್ರಾಂತಿ ತಗೋ. ಅತ್ತೆ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಪಾಲಕೋಡಿನ ಬಸ್ಸು ತುಂಬಿತ್ತು. ಇದ್ದದ್ದು ಒಂದೇ ಸೀಟು. ಕುಂತ್ಕ ಅತ್ತೆ ಎಂದೆ. ನೀ ಕುಂತ್ಕ, ಡಾಕ್ಟ್ರು ಏಳವ್ರೆ ಎಂದಳು. ನಿನಗೆ ಮೊದಲು ಹೇಳಿದ್ದು ಎಂದೆ. ನಿಂಗೆ ಈಗ್ತಾನೆ ಏಳಿದ್ದು ಎಂದಳು. ಅವಳು ನನ್ನನ್ನು ತಳ್ಳಿದಳು, ನಾನು ಅವಳನ್ನು ಎಳೆದೆ. ನನ್ನ ದನಿ ಏರಿತು. ಕಂಡಕ್ಟರ್, ಯಾರಾದರೂ ಒಬ್ಬರು ಕೂತ್ಕೊಳ್ಳಿ ತಾಯಂದಿರಾ ಎಂದು ತಮಿಳಿನಲ್ಲಿ ಕೈ ಮುಗಿದ. ಈ ನ್ಯಾಯ ತೀರ್ಮಾನವಾಗುವ ಮೊದಲೇ ಟೊಮೇಟೊ ಬುಟ್ಟಿ ಹಿಡಿದಿದ್ದ ಒಬ್ಬ ಮಹಾನುಭಾವ ನಮ್ಮಿಬ್ಬರ ನಡುವೆ ನುಸುಳಿ ಆ ಸೀಟಿನಲ್ಲಿ ಕೂತುಬಿಟ್ಟ. ಊರು ಬರುವವರೆಗೂ ಅತ್ತೆ ಬೀಳಬಾರದೆಂದು ನಾನು ಅವಳ ಸೊಂಟ ಹಿಡಿದುಕೊಂಡು ನಿಂತಿದ್ದೆ, ನಾನು ಬೀಳಬಾರದೆಂದು ಅವಳು ನನ್ನ ಸೊಂಟ ಹಿಡಿದುಕೊಂಡು ನಿಂತಿದ್ದಳು. ಡಾಕ್ಟರು ಹೇಳಿದ್ದನ್ನು ನಡೆಸಿಕೊಟ್ಟವನು ಆ ಟೊಮೇಟೊ ಮನುಷ್ಯ ಒಬ್ಬನೇ. ಬಸ್ಸು ಹೊರಟ ಕೂಡಲೇ ಗೊರಕೆ ಹೊಡೆಯತೊಡಗಿದ.